ಪಿ.ಬಿ.ಎಸ್. ಹಾಡಿನ ಸಂಜೆ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ (ಪಿ.ಬಿ.ಎಸ್.) ಅವರ ನೆನಪಿಗೆ ಪ್ರತಿ ವರ್ಷ ಅವರ ಹಾಡುಗಳ ಒಂದು ಸಂಜೆ ನಡೆಸುತ್ತೇವೆ. ಸೆಪ್ಟೆಂಬರ್ ಹುಟ್ಟುತ್ತಿದ್ದಂತೆ ನಮ್ಮ ಫೋನುಗಳಿಗೆ ಬಿಡುವಿರುವುದಿಲ್ಲ. "ಈ ಸಲ ಯಾವತ್ತು?" ಅಂತ ಕೇಳುವವರು ಕೆಲವರು. "ನಮ್ಮ ತಂದೆಗೆ ಮೆಟ್ಟಿಲು ಹತ್ತೋಕಾಗಲ್ಲ, ಕರ್ಕೊಂಡು ಬರಬಹುದಾ?" ಅಂತ ಕೇಳುವವರು ಇನ್ನು ಕೆಲವರು. ಪ್ರತಿ ವರ್ಷ ಬರುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನ್ನಿಸಿತು.

ಇದು ಯಾವ ಸಂಘದವರು ಮಾಡುವ ಕಾರ್ಯಕ್ರಮ?

ಸಂಘ ಅಂತೇನೂ ಇಲ್ಲ. ಪಿ.ಬಿ. ಶ್ರೀನಿವಾಸ್ ಅವರ ಹಾಡು ಕೇಳುತ್ತಾ ಬೆಳೆದ ಹತ್ತು ಹದಿನೈದು ಮನೆಯವರು ಸೇರಿ ನಡೆಸುತ್ತೇವೆ. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ಬ್ಯಾನರ್ ಕೂಡ ಇಲ್ಲ. 2013ರ ಏಪ್ರಿಲ್ 14ರಂದು ಚೆನ್ನೈಯಲ್ಲಿ ಅವರು ತೀರಿಕೊಂಡರು ಅಂತ ಟಿ.ವಿ.ಯಲ್ಲಿ ಸುದ್ದಿ ಬಂತು. ಆ ರಾತ್ರಿ ನಮ್ಮಲ್ಲಿ ಕೆಲವರು ಒಬ್ಬರ ಮನೆಯ ಹಾಲಿನಲ್ಲಿ ಸೇರಿ, ಹೆಚ್ಚು ಮಾತಾಡದೆ, ಒಂದಾದ ಮೇಲೊಂದು ಹಾಡು ಹಾಕಿಕೊಂಡು ಕೇಳಿದೆವು. ಮುಂದಿನ ವರ್ಷವೂ ಸೇರೋಣ ಅಂದುಕೊಂಡೆವು. ಹೀಗೆ ಮೂರು ಮನೆ ಇದ್ದದ್ದು ಬೆಳೆಯುತ್ತಾ ಹೋಯಿತು. ಈಗ ಬಸವನಗುಡಿ ಕಡೆ ಒಂದು ಸಣ್ಣ ಸಭಾಂಗಣ ಬಾಡಿಗೆಗೆ ಹಿಡಿಯುತ್ತೇವೆ.

"ನಾವಾಡುವ ನುಡಿಯೇ ಕನ್ನಡ ನುಡಿ" ಹಾಡಿದ್ದು ರಾಜ್‌ಕುಮಾರ್ ಅಲ್ವಾ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸಮಾಧಾನವಾಗಿ ಉತ್ತರಿಸುತ್ತೇವೆ, ಯಾಕೆಂದರೆ ನಾವು ಸೇರುವುದಕ್ಕೆ ಮುಖ್ಯ ಕಾರಣವೂ ಇದೇ.

ಅಲ್ಲ, ಅದನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಚಿತ್ರ 1973ರ 'ಗಂಧದ ಗುಡಿ', ಸಂಗೀತ ರಾಜನ್-ನಾಗೇಂದ್ರ, ಸಾಹಿತ್ಯ ಚಿ. ಉದಯಶಂಕರ್. ರಾಜ್ಯೋತ್ಸವದ ದಿನ ಊರೂರಿನ ಮೈಕುಗಳಲ್ಲಿ ಕೇಳಿಬರುವ ಈ ಹಾಡನ್ನು ಹಾಡಿದವರು ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಬಾಳಿದ, ತೆಲುಗು ಮನೆಮಾತಿನ ವ್ಯಕ್ತಿ. "ಕನ್ನಡ ನುಡಿ" ಎನ್ನುವಾಗ ಆ ಎರಡು 'ನ'ಗಳ ಒತ್ತು ಹೇಗಿದೆ, 'ಡಿ' ಎಷ್ಟು ಮೃದುವಾಗಿ ಮುಗಿಯುತ್ತದೆ ಅಂತ ಒಮ್ಮೆ ಕಣ್ಣು ಮುಚ್ಚಿ ಕೇಳಿ. ಆ ಭಾಷೆಯನ್ನು ಪ್ರೀತಿಸಿದವರ ಬಾಯಲ್ಲಿ ಮಾತ್ರ ಹಾಗೆ ಬರುತ್ತದೆ.

ಇದು ರಾಜ್‌ಕುಮಾರ್ ಹಾಡಿದ್ದು ಅಂತ ಜನ ಅಂದುಕೊಳ್ಳುವುದು ಸಹಜ, ತಪ್ಪು ಅವರದ್ದಲ್ಲ. 1960ರ 'ಭಕ್ತ ಕನಕದಾಸ'ದಿಂದ ಹೆಚ್ಚು ಕಡಿಮೆ ಹದಿನೈದು ವರ್ಷ ಅಣ್ಣಾವ್ರ ಮುಖಕ್ಕೂ ಪಿ.ಬಿ.ಎಸ್. ದನಿಗೂ ಎಂಥ ಹೊಂದಿಕೆ ಇತ್ತೆಂದರೆ, ಎರಡನ್ನೂ ಬೇರೆ ಮಾಡಿ ನೋಡುವುದೇ ಕಷ್ಟವಾಗಿತ್ತು. ಒಬ್ಬರು ಶರೀರ, ಇನ್ನೊಬ್ಬರು ಶಾರೀರ ಅಂತ ಜನ ಇವತ್ತಿಗೂ ಹೇಳುತ್ತಾರೆ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರು "ಯಾರೇ ಕೂಗಾಡಲಿ" ಹಾಡಿದರು. ಅದಕ್ಕೂ ಮುಂಚೆ ಅಲ್ಲೊಂದು ಇಲ್ಲೊಂದು ಹಾಡಿದ್ದರು, ಆದರೆ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾದದ್ದು ಇದಾದ ಮೇಲೆ. ಅದೇ 1974ರಲ್ಲಿ 'ಎರಡು ಕನಸು' ಕೂಡ ಬಂತು. "ಎಂದೆಂದೂ ನಿನ್ನನು ಮರೆತು" ಹಾಡಿನಲ್ಲಿ ವಾಣಿ ಜಯರಾಂ ಜೊತೆ ಹಾಡಿದ್ದು ಪಿ.ಬಿ.ಎಸ್. ಒಂದೇ ವರ್ಷ, ಒಬ್ಬರೇ ನಾಯಕ, ಎರಡು ದನಿ. ಕೇಳುವವರಿಗೆ ಗೊಂದಲವಾಗುವುದು ಸಹಜವೇ.

ಅಣ್ಣಾವ್ರು ದೊಡ್ಡ ಗಾಯಕರು. 'ಜೀವನ ಚೈತ್ರ'ದ "ನಾದಮಯ" ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಅವರ ಹೆಸರನ್ನು ಸಣ್ಣದು ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಒಬ್ಬ ಗಾಯಕ ತೀರಿಕೊಂಡ ಮೇಲೆ ಅವನ ಹಾಡು ಉಳಿದು ಹೆಸರು ಅಳಿಸಿಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ನಮಗೆ ಮನಸ್ಸು ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಪ್ರತಿ ಹಾಡಿಗೂ ಮುಂಚೆ ಚಿತ್ರದ ಹೆಸರು, ವರ್ಷ, ಬರೆದವರು, ಸಂಗೀತ ಕೊಟ್ಟವರು, ಹಾಡಿದವರು ಇಷ್ಟನ್ನೂ ಹಾಡುವವರೇ ಮೈಕಿನಲ್ಲಿ ಹೇಳಬೇಕು. ಅರ್ಧ ನಿಮಿಷದ ಕೆಲಸ. ಅದಿಲ್ಲದೆ ಹಾಡು ಶುರುವಾಗುವುದಿಲ್ಲ.

ಯಾವತ್ತು ನಡೆಯುತ್ತದೆ? ಪುಣ್ಯತಿಥಿಗೆ ಯಾಕೆ ಮಾಡುವುದಿಲ್ಲ?

ಅವರು ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು. ಆ ದಿನಕ್ಕೆ ಹತ್ತಿರದ ಭಾನುವಾರ ಸೇರುತ್ತೇವೆ. ಮಧ್ಯಾಹ್ನ ಮೂರೂವರೆಗೆ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ.

ಮೊದಲ ಎರಡು ವರ್ಷ ಏಪ್ರಿಲ್‌ನಲ್ಲೇ ಮಾಡಿದೆವು. ಏಪ್ರಿಲ್ 12 ರಾಜ್‌ಕುಮಾರ್ ಅವರ ಪುಣ್ಯತಿಥಿ, 24 ಅವರ ಹುಟ್ಟುಹಬ್ಬ. ಆ ಹದಿನೈದು ದಿನ ಬೆಂಗಳೂರಿನ ತುಂಬ ಅವರದ್ದೇ ಕಾರ್ಯಕ್ರಮಗಳು. ಪರೀಕ್ಷೆ, ರಜೆ, ಊರಿಗೆ ಹೋಗುವವರ ಗಡಿಬಿಡಿ ಬೇರೆ. ಅದೆಲ್ಲಕ್ಕಿಂತ ಹೆಚ್ಚಾಗಿ, ಸಾವಿನ ದಿನ ಸೇರಿದಾಗ ಎಲ್ಲರೂ ದುಃಖದ ಹಾಡನ್ನೇ ಆರಿಸಿಕೊಂಡು ಬರುತ್ತಿದ್ದರು. ಪಿ.ಬಿ.ಎಸ್. ಅಂದರೆ ಬರೀ ದುಃಖವಲ್ಲ. "ನಗು ನಗುತಾ ನಲಿ ನಲಿ" ಅಂತ ಒಂದು ನಾಡಿಗೇ ಹೇಳಿಕೊಟ್ಟವರು ಅವರು.

ಟಿಕೆಟ್ ಎಷ್ಟು?

ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಇಷ್ಟವಿದ್ದವರು ಹಾಕಬಹುದು, ಹಾಕದೆ ಇರಬಹುದು. ಯಾರೂ ನೋಡುತ್ತಾ ನಿಂತಿರುವುದಿಲ್ಲ.

ನಾನೂ ಹಾಡಬಹುದೇ? ಸಂಗೀತ ಕಲಿತಿಲ್ಲ.

ಹಾಡಬಹುದು. ನಮ್ಮಲ್ಲಿ ಹಾಡುವವರಲ್ಲಿ ಮುಕ್ಕಾಲು ಪಾಲು ಜನ ಸಂಗೀತ ಕಲಿತವರಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಆಟೊ ಓಡಿಸುವವರು, ಪಾಠ ಹೇಳುವವರು, ಮನೆ ನೋಡಿಕೊಳ್ಳುವವರು. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ, ಸ್ನಾನದ ಮನೆಯಲ್ಲಿ ಹಾಡಿಕೊಂಡೇ ಕಲಿತವರು.

ಹೆಸರನ್ನು ಎರಡು ವಾರ ಮುಂಚೆ ಕೊಡಬೇಕು. ಒಬ್ಬರಿಗೆ ಒಂದು ಹಾಡು. ಒಟ್ಟು ಮೂವತ್ತು ಹಾಡಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಒಂದೇ ಹಾಡನ್ನು ಇಬ್ಬರು ಕೇಳಿದರೆ ಮೊದಲು ಹೇಳಿದವರಿಗೆ. "ಆಡಿಸಿ ನೋಡು ಬೀಳಿಸಿ ನೋಡು" ಮಾತ್ರ ಯಾರಿಗೂ ಕೊಡುವುದಿಲ್ಲ. ಕಾರಣ ಕೊನೆಯ ಪ್ರಶ್ನೆಯಲ್ಲಿದೆ.

ಪಿ.ಬಿ.ಎಸ್. ಥರವೇ ಹಾಡಬೇಕಾ?

ಬೇಡ. ದಯವಿಟ್ಟು ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅವರ ದನಿಯನ್ನು ಅನುಕರಿಸಲು ಹೊರಟವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೂಗಿನಲ್ಲಿ ಸ್ವಲ್ಪ ತುಂಬಿಕೊಳ್ಳುತ್ತಾರೆ, ಗಂಟಲನ್ನು ಒತ್ತಿ ದನಿ ದಪ್ಪ ಮಾಡಿಕೊಳ್ಳುತ್ತಾರೆ. ಪಿ.ಬಿ.ಎಸ್. ಈ ಎರಡನ್ನೂ ಮಾಡುತ್ತಿರಲಿಲ್ಲ. ಅವರ ದನಿ ತಾನಾಗಿಯೇ ಕೆಳಗಿನ ಸ್ವರಗಳಲ್ಲಿ ಹಾಯಾಗಿ ಕೂರುತ್ತಿತ್ತು. ಅವರಿಗಿಂತ ಹಿಂದಿನ ಎಷ್ಟೋ ಗಾಯಕರು ನಾಟಕದಿಂದ ಬಂದವರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ತನಕ ಮುಟ್ಟಿಸಬೇಕಿತ್ತು, ಹಾಗಾಗಿ ಬಾಯಿ ತುಂಬ ತೆರೆದು, ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಪಿ.ಬಿ.ಎಸ್. ಮೈಕನ್ನು ಒಬ್ಬ ಗೆಳೆಯನ ಕಿವಿ ಅಂದುಕೊಂಡು ಹಾಡಿದರು. ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ. ಅದಕ್ಕೇ ಅವರ ಹಾಡನ್ನು ಸಾವಿರ ಜನರ ನಡುವೆ ಕೇಳಿದರೂ ನಮಗೊಬ್ಬರಿಗೇ ಹಾಡಿದ ಹಾಗೆ ಅನ್ನಿಸುತ್ತದೆ.

ಹಾಗಾದರೆ ಅವರಿಂದ ಏನನ್ನು ಕಲಿಯಬಹುದು? ಪದದ ಕೊನೆಯನ್ನು ಬಿಡುವ ರೀತಿಯನ್ನು. 1970ರ 'ಅರಿಶಿನ ಕುಂಕುಮ' ಚಿತ್ರದ "ಇಳಿದು ಬಾ ತಾಯಿ" ಹಾಡನ್ನೇ ತೆಗೆದುಕೊಳ್ಳಿ. ಬೇಂದ್ರೆಯವರ ಕವಿತೆ, ವಿಜಯಭಾಸ್ಕರ್ ಅವರ ಸಂಗೀತ. ಅದರಲ್ಲಿ ಜಡೆಯಿಂದ, ಅಡಿಯಿಂದ, ತೊಡೆಯಿಂದ ಅಂತ ಮೂರು ಪದಗಳು ಬೆನ್ನಿಗೆ ಬೆನ್ನು ಬರುತ್ತವೆ. ನಾವು ಹಾಡುವಾಗ ಮೊದಲ ಎರಡು 'ಇಂದ'ಗಳನ್ನು ನುಂಗಿ, ಉಸಿರು ಸಾಲದೆ ಮೂರನೆಯದರಲ್ಲಿ ನಿಂತುಬಿಡುತ್ತೇವೆ. ಪಿ.ಬಿ.ಎಸ್. ಮೂರನ್ನೂ ಪೂರ್ತಿ ಹೇಳುತ್ತಾರೆ, ಆದರೆ ಯಾವುದನ್ನೂ ಒತ್ತುವುದಿಲ್ಲ. ನೀರು ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾರೆ. ಆ ಒಂದು ಸಾಲನ್ನು ಒಂದು ವಾರ ಅಭ್ಯಾಸ ಮಾಡಿದ ಹುಡುಗನೊಬ್ಬ ಕಳೆದ ಸಲ ತನ್ನದೇ ತೆಳ್ಳನೆಯ ದನಿಯಲ್ಲಿ ಹಾಡಿದ. ಅದು ಅನುಕರಣೆಯಲ್ಲ. ಆ ಹಾಡು ಮುಗಿದಾಗ ಚಪ್ಪಾಳೆ ಬರಲು ಎರಡು ಕ್ಷಣ ತಡವಾಯಿತು, ಸಭೆ ಅಷ್ಟು ನಿಶ್ಶಬ್ದವಾಗಿತ್ತು.

ಯಾವ ಹಾಡು ಆರಿಸಿಕೊಳ್ಳಲಿ?

ಮನಸ್ಸಿಗೆ ಹತ್ತಿರವಾದದ್ದನ್ನು. ಆದರೂ ಮೊದಲ ಸಲ ಹಾಡುವವರಿಗೆ ನಮ್ಮ ಸಲಹೆ ಇದೆ.

"ಸುಲಭ ಅಲ್ವಾ" ಅಂತ ಎಲ್ಲರೂ ಕೈ ಹಾಕುವ ಹಾಡುಗಳೇ ಕಷ್ಟ. ಸ್ವರ ಹೆಚ್ಚು ಓಡಾಡದ ಹಾಡಿನಲ್ಲಿ ಭಾವವೇ ಎಲ್ಲ ಭಾರವನ್ನೂ ಹೊರಬೇಕಾಗುತ್ತದೆ. 'ಎರಡು ಕನಸು' ಚಿತ್ರದ "ಬಾಡಿ ಹೋದ ಬಳ್ಳಿಯಿಂದ" ಅಂಥದ್ದು. ಅದನ್ನು ಎರಡನೆಯ, ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲಿಗೆ 1972ರ 'ಬಂಗಾರದ ಮನುಷ್ಯ' ಒಳ್ಳೆಯದು. ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ತಾಳ ಕೈ ಹಿಡಿದು ನಡೆಸುತ್ತದೆ. "ಆಗದು ಎಂದು ಕೈಲಾಗದು ಎಂದು" ಹಾಡನ್ನು ಶುರು ಮಾಡಿದರೆ ಸಭೆಯೇ ಸೇರಿಕೊಳ್ಳುತ್ತದೆ, ನೀವು ತಡವರಿಸಿದರೂ ಜನ ಎತ್ತಿ ನಿಲ್ಲಿಸುತ್ತಾರೆ. ಅದೇ ವರ್ಷದ 'ನಾಗರಹಾವು' ಚಿತ್ರದ "ಬಾರೆ ಬಾರೆ" ಕೂಡ ಪಿ.ಬಿ.ಎಸ್. ಹಾಡಿದ್ದೇ. ವಿಷ್ಣುವರ್ಧನ್ ಅವರ ಮುಖ, ನಿಧಾನ ಚಲನೆಯಲ್ಲಿ ತೆಗೆದ ಆ ದೃಶ್ಯ, ಎಲ್ಲರಿಗೂ ಕಣ್ಣಿಗೆ ಕಟ್ಟಿದೆ, ಆದರೆ ಹಾಡಿದ್ದು ಯಾರು ಅಂದರೆ ತಡವರಿಸುತ್ತಾರೆ. ಅದೇ ಚಿತ್ರದಲ್ಲಿ ಓಬವ್ವನ ಕಥೆ ಹೇಳುವ "ಕನ್ನಡ ನಾಡಿನ ವೀರರಮಣಿಯ" ಹಾಡಿದವರೂ ಅವರೇ ಅಂತ ತಿಳಿದಾಗ, ಚಿತ್ರದುರ್ಗದಿಂದ ಬಂದಿದ್ದ ಒಂದು ಕುಟುಂಬ ಬೆರಗಾಗಿ ಕೂತಿತ್ತು. ಒಂದು ಹಾಡು ಹತ್ತಿಯಂತೆ, ಇನ್ನೊಂದು ಕತ್ತಿಯಂತೆ. ಮೆಲುದನಿಯ ಗಾಯಕ ಅಂತ ಅವರಿಗೆ ಒಂದೇ ಹಣೆಪಟ್ಟಿ ಅಂಟಿಸುವವರು ಈ ಎರಡನ್ನೂ ಒಟ್ಟಿಗೆ ಕೇಳಬೇಕು.

ಭಕ್ತಿಗೀತೆ ಬೇಕೆಂದರೆ 'ಭಕ್ತ ಕನಕದಾಸ'ಕ್ಕೆ ಹೋಗಿ. "ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೆ" ಹಾಡುವುದಾದರೆ ಆಲಾಪವನ್ನು ಬಿಟ್ಟು ನೇರ ಪಲ್ಲವಿಯಿಂದ ಶುರು ಮಾಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕರೋಕೆ ಟ್ರ್ಯಾಕ್ ತರಬಹುದೇ?

ತರಬಹುದು. ಪೆನ್‌ಡ್ರೈವ್‌ನಲ್ಲಿ ಹಾಕಿ, ಶುಕ್ರವಾರದೊಳಗೆ ವಾಟ್ಸ್‌ಆಪ್‌ನಲ್ಲೂ ಕಳಿಸಿಡಿ. ಶ್ರುತಿಯನ್ನು ನಿಮ್ಮ ದನಿಗೆ ಹೊಂದಿಸಿಕೊಂಡೇ ತನ್ನಿ. ಮೂರು ನಾಲ್ಕು ಅರ್ಧಸ್ವರಕ್ಕಿಂತ ಹೆಚ್ಚು ಏರಿಸಿದರೆ ಅಥವಾ ಇಳಿಸಿದರೆ ಟ್ರ್ಯಾಕಿನ ವಾದ್ಯಗಳ ನಾದ ಕೆಡುತ್ತದೆ. ಹೆಣ್ಣುಮಕ್ಕಳು ಅವರ ಹಾಡನ್ನು ಹಾಡುವಾಗ ಈ ತೊಂದರೆ ಹೆಚ್ಚು. ಅಂಥವರಿಗೆ ನಮ್ಮ ಹಾರ್ಮೋನಿಯಂ, ತಬಲಾ ಜೋಡಿಯೇ ವಾಸಿ. ಯಾವ ಶ್ರುತಿಗೆ ಹೇಳಿದರೂ ನುಡಿಸುತ್ತಾರೆ, ನೀವು ಒಂದು ಸಾಲು ಮರೆತರೆ ಕಾಯುತ್ತಾರೆ. ಟ್ರ್ಯಾಕ್ ಕಾಯುವುದಿಲ್ಲ.

ಮೈಕಿಗೆ ಎಕೋ ಹಾಕುವುದಿಲ್ಲ. ಒಂದು ವರ್ಷ ಸೌಂಡ್ ಸಿಸ್ಟಂನವರು ಕೇಳದೆಯೇ ಎಕೋ ಏರಿಸಿದರು. "ನೀ ಬಂದು ನಿಂತಾಗ" ಹಾಡಿನ ಒಂದು ಪದ ಮುಗಿಯುವ ಮುನ್ನ ಇನ್ನೊಂದು ಅದರ ಮೇಲೆ ಬಿದ್ದು, ಏನೂ ತಿಳಿಯದಾಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕಿವಿಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅಷ್ಟು ದೂರದಿಂದ ಬಂದವರಿಗೆ ಹೀಗೆ ಮಾಡಿದೆವಲ್ಲ ಅಂತ ಅವತ್ತು ತುಂಬ ನೋವಾಯಿತು. ಆಮೇಲಿಂದ ನಮ್ಮಲ್ಲೇ ಒಬ್ಬರು ಮಿಕ್ಸರ್ ಪಕ್ಕ ಕೂರುತ್ತಾರೆ.

ಮೊಬೈಲ್ ನೋಡಿಕೊಂಡು ಹಾಡಬಹುದಾ?

ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಕೈಯಲ್ಲಿ ಬರೆಯುವಾಗಲೇ ಅರ್ಧ ಸಾಹಿತ್ಯ ಬಾಯಿಗೆ ಬಂದುಬಿಡುತ್ತದೆ. ಜಾಲದಲ್ಲಿ ಸಿಗುವ ಸಾಹಿತ್ಯದಲ್ಲಿ ಅಕ್ಷರ ತಪ್ಪುಗಳು ವಿಪರೀತ. ಮೂಲ ಹಾಡನ್ನು ಕೇಳುತ್ತಾ ತಿದ್ದಿಕೊಳ್ಳಿ.

ಯುಗಳ ಗೀತೆ ಹಾಡಲು ಜೊತೆ ಇಲ್ಲ.

ಹೇಳಿ, ಹುಡುಕಿ ಕೊಡುತ್ತೇವೆ. ಎಸ್. ಜಾನಕಿ, ಪಿ. ಸುಶೀಲ ಅವರ ಭಾಗ ಹಾಡುವವರು ನಮ್ಮಲ್ಲಿ ಐದಾರು ಜನ ಇದ್ದಾರೆ. "ಆಹಾ ಮೈಸೂರು ಮಲ್ಲಿಗೆ", "ರವಿವರ್ಮನ ಕುಂಚದ ಕಲೆ" ಇವೆರಡಕ್ಕೆ ಪ್ರತಿ ವರ್ಷ ಪೈಪೋಟಿ. ಒಮ್ಮೆಯಾದರೂ ಇಬ್ಬರೂ ಎದುರು ಕೂತು ಅಭ್ಯಾಸ ಮಾಡಬೇಕು. ಫೋನಿನಲ್ಲಿ ಸಾಧ್ಯವಾಗುವುದಿಲ್ಲ, ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ಮುಟ್ಟುತ್ತದೆ.

ತಮಿಳು, ತೆಲುಗು ಹಾಡು ಹಾಡಬಹುದಾ?

ಖಂಡಿತ. ಕೊನೆಯ ಒಂದು ಗಂಟೆಯಲ್ಲಿ ಐದು ಹಾಡು ಅದಕ್ಕೇ ಮೀಸಲು. ತಮಿಳಿನಲ್ಲಿ ಅವರು ಜೆಮಿನಿ ಗಣೇಶನ್ ಅವರ ದನಿ. 1961ರ 'ಪಾವ ಮನ್ನಿಪ್ಪು' ಚಿತ್ರದ "ಕಾಲಂಗಳಿಲ್ ಅವಳ್ ವಸಂತಂ" ಕೇಳಿದರೆ, ತಮಿಳರು ಅವರನ್ನು ತಮ್ಮವರೇ ಅಂತ ಯಾಕೆ ಅಂದುಕೊಂಡರು ಅನ್ನುವುದು ತಿಳಿಯುತ್ತದೆ. ಅವರು ಮೊದಲು ಹಾಡಿದ ಸಿನಿಮಾ ಹಿಂದಿಯದ್ದು, 1952ರ ಜೆಮಿನಿ ಸಂಸ್ಥೆಯ 'ಮಿಸ್ಟರ್ ಸಂಪತ್'. ಕನ್ನಡಕ್ಕೆ ಅವರನ್ನು ಕರೆತಂದದ್ದು ಆರ್. ನಾಗೇಂದ್ರರಾಯರ 'ಜಾತಕ ಫಲ', 1953ರಲ್ಲಿ. ನಾಗೇಂದ್ರರಾಯರದ್ದೇ 'ವಿಜಯನಗರದ ವೀರಪುತ್ರ' ಚಿತ್ರಕ್ಕೆ 1961ರಲ್ಲಿ ಅವರು ಹಾಡಿದ "ಅಪಾರ ಕೀರ್ತಿ ಗಳಿಸಿ ಮೆರೆವ" ಹಾಡಿನಿಂದಲೇ ನಮ್ಮ ಸಂಜೆ ಶುರುವಾಗುತ್ತದೆ.

ಪಿ.ಬಿ. ಅಂದರೆ ಏನು?

ಪ್ರತಿವಾದಿ ಭಯಂಕರ. ವಾದದಲ್ಲಿ ಎದುರಾಳಿಗೆ ಭಯ ಹುಟ್ಟಿಸುವವನು ಅಂತ ಅರ್ಥ. ಶ್ರೀವೈಷ್ಣವ ಪರಂಪರೆಯ ಹಳೆಯ ಬಿರುದು ಇದು, ಮನೆತನದ ಹೆಸರಾಗಿ ಉಳಿದುಕೊಂಡಿದೆ. ನಾವೆಲ್ಲ ಬೆಳಗ್ಗೆ ಕೇಳುವ ವೆಂಕಟೇಶ್ವರ ಸುಪ್ರಭಾತವನ್ನು ರಚಿಸಿದವರಿಗೂ ಇದೇ ಬಿರುದು. ಇಂಥ ಹೆಸರಿನ ಮನೆತನದಲ್ಲಿ ಯಾರ ಮನಸ್ಸನ್ನೂ ನೋಯಿಸದ ಆ ದನಿ ಹುಟ್ಟಿತು ಅನ್ನುವುದು ನನಗೆ ಈಗಲೂ ಅಚ್ಚರಿ.

ನನಗೆ ಹಾಡು ಬರುವುದಿಲ್ಲ. ಬರೀ ಕೇಳೋಕೆ ಬಂದರೆ?

ನೀವೇ ನಮಗೆ ಮುಖ್ಯ. ಕೇಳುವವರಿಗಾಗಿಯೇ ಐದು ಗಂಟೆಯಿಂದ ಐದೂವರೆ ತನಕ ಯಾರೂ ಹಾಡುವುದಿಲ್ಲ. ದೀಪ ಸ್ವಲ್ಪ ತಗ್ಗಿಸಿ, ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹಾಕುತ್ತೇವೆ. ಮುಳ್ಳು ಇಟ್ಟಾಗ ಕರಕರ ಸದ್ದು ಬರುತ್ತದಲ್ಲ, ಅದರ ಹಿಂದಿನಿಂದ ಪಿಟೀಲುಗಳು ಮೇಲೆದ್ದು, ಆಮೇಲೆ ಅವರ ದನಿ. ಆಗ ಈಗಿನಂತೆ ಒಂದೊಂದೇ ಸಾಲು ಬೇರೆ ಬೇರೆ ಹಾಡಿ ಅಂಟಿಸುತ್ತಿರಲಿಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ವಾದ್ಯಗಾರರು, ಗಾಯಕರು ಎಲ್ಲರೂ ಒಟ್ಟಿಗೆ ನಿಂತು, ಶುರುವಿನಿಂದ ಕೊನೆಯ ತನಕ ಒಂದೇ ಉಸುರಿಗೆ ಹಾಡು ಮುಗಿಸಬೇಕಿತ್ತು. ಯಾರೊಬ್ಬರು ತಪ್ಪಿದರೂ ಮತ್ತೆ ಮೊದಲಿಂದ. ಅದನ್ನು ನೆನಪಿಟ್ಟುಕೊಂಡು ಕೇಳಿದರೆ ಹಾಡು ಬೇರೆಯೇ ಆಗಿ ಕೇಳಿಸುತ್ತದೆ.

ಆ ಅರ್ಧ ಗಂಟೆ ಮಾತು ಬೇಡ, ಫೋನು ಬೇಡ.

ಮೇಜಿನ ಮೇಲೆ ಬಣ್ಣ ಬಣ್ಣದ ಪೆನ್ನು ಇಡುವುದು ಯಾಕೆ?

ಅವರ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಪೆನ್ನುಗಳಿರುತ್ತಿದ್ದವು. ಅವರು ಹಾಡುಗಾರರಷ್ಟೇ ಅಲ್ಲ, ಕವಿ. ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ, ಸಂಸ್ಕೃತ, ಉರ್ದು, ಇಂಗ್ಲಿಷ್ ಹೀಗೆ ಎಂಟು ಭಾಷೆಗಳಲ್ಲಿ ಬರೆದರು. ಚೆನ್ನೈನ ಕೆಥೆಡ್ರಲ್ ರಸ್ತೆಯಲ್ಲಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ಅವರ ಬರವಣಿಗೆಯ ಮನೆ. ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಬರೆಯುತ್ತಿದ್ದರು. ಆ ಹೋಟೆಲನ್ನು ಕಟ್ಟಿದವರು ನಮ್ಮ ತುಳುನಾಡಿನ ಕಡಂದಲೆ ಕೃಷ್ಣರಾಯರು. 2008ರಲ್ಲಿ ಅದು ಮುಚ್ಚಿತು, ಈಗ ಆ ಜಾಗದಲ್ಲಿ ಉದ್ಯಾನ ಇದೆ.

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಇಂಗ್ಲಿಷಿನಲ್ಲಿ ಎರಡು ಹಾಡು ಬರೆದು, ಎಸ್. ಜಾನಕಿ ಅವರ ಜೊತೆ ಹಾಡಿ, ತಟ್ಟೆ ಮಾಡಿಸಿ, ಆರ್ಮ್‌ಸ್ಟ್ರಾಂಗ್ ಅವರಿಗೂ ಅಮೆರಿಕದ ಅಧ್ಯಕ್ಷರಿಗೂ ಕಳಿಸಿಕೊಟ್ಟಿದ್ದರು. ಇಷ್ಟು ದೊಡ್ಡ ಕುತೂಹಲದ ಮನುಷ್ಯ ಅವರು.

ಆ ಪೆನ್ನುಗಳು ಮಕ್ಕಳಿಗೆ. ಬಂದ ಮಕ್ಕಳೆಲ್ಲ ಒಂದೊಂದು ಪೆನ್ನು ತೆಗೆದುಕೊಂಡು ಹೋಗಬಹುದು, ಪ್ರತಿಯಾಗಿ ಅವತ್ತು ಕೇಳಿದ ಒಂದು ಹಾಡಿನ ಮೊದಲ ಸಾಲನ್ನು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಕೊಡಬೇಕು.

ಮಕ್ಕಳು ಹಾಡಬಹುದಾ?

ಹಾಡಬೇಕು. ಮೊದಲ ಅವಕಾಶ ಅವರಿಗೇ. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. "ಇನ್ನೂ ಚೆನ್ನಾಗಿ ಹಾಡಬಹುದಿತ್ತು" ಅಂತ ವೇದಿಕೆಯಿಂದ ಇಳಿದ ಮಗುವಿಗೆ ಹೇಳಬೇಡಿ ಅಂತ ಹೆತ್ತವರಲ್ಲಿ ಕಳಕಳಿಯ ಕೋರಿಕೆ.

ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಬಹುದಾ? ಹಾಡಲು ಅನುಮತಿ ಬೇಕಲ್ವಾ?

ನಿಮ್ಮ ಮನೆಯವರು ಹಾಡುವುದನ್ನು ಚಿತ್ರೀಕರಿಸಿ ಇಟ್ಟುಕೊಳ್ಳಿ. ಬೇರೆಯವರದ್ದಾದರೆ ಅವರನ್ನು ಕೇಳಿ. ಜಾಲಕ್ಕೆ ಹಾಕಿದರೆ, ಅದರಲ್ಲೂ ಟ್ರ್ಯಾಕ್ ಇದ್ದರೆ, ಆಡಿಯೊ ಕಂಪನಿಯ ಹಕ್ಕಿನ ನೋಟಿಸು ಬರುವ ಸಾಧ್ಯತೆ ಹೆಚ್ಚು.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಹವ್ಯಾಸಿಗಳ ಕೂಟ ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ ಅದು ಉಲ್ಲಂಘನೆ ಆಗುವುದಿಲ್ಲ. ನಾವು ಟಿಕೆಟ್ ಇಡದಿರುವುದಕ್ಕೆ ಇದೂ ಒಂದು ಕಾರಣ. ಟಿಕೆಟ್ ಮಾರಿ, ಪ್ರಾಯೋಜಕರನ್ನು ಕರೆದು ಮಾಡುವುದಾದರೆ ಸಾಹಿತ್ಯ, ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಐ.ಪಿ.ಆರ್.ಎಸ್.ನಿಂದ ಪರವಾನಗಿ ಪಡೆಯಬೇಕು. ಹಾಗೆ ಪಡೆಯುವುದೇ ಸರಿ. ಆ ಹಣ ಹಾಡು ಬರೆದವರ ಮನೆಗೆ, ರಾಗ ಕಟ್ಟಿದವರ ಮನೆಗೆ ಹೋಗಬೇಕಾದದ್ದು.

ತಿಂಡಿ ಇರುತ್ತಾ?

ಐದೂವರೆಗೆ ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ. ಸಕ್ಕರೆ ಹಾಕದ ಕಾಫಿ ಬೇರೆ ಫ್ಲಾಸ್ಕಿನಲ್ಲಿ. ಮನೆಯಿಂದ ಲೋಟ ತಂದರೆ ಸಂತೋಷ, ಪೇಪರ್ ಕಪ್ ಇಡುವುದಿಲ್ಲ.

ವಯಸ್ಸಾದವರನ್ನು ಕರೆತರುವುದು ಹೇಗೆ?

ಸಭಾಂಗಣ ನೆಲಮಹಡಿಯಲ್ಲಿದೆ, ಬಾಗಿಲಲ್ಲಿ ಇಳಿಜಾರು ಇದೆ, ಗಾಲಿಕುರ್ಚಿ ಒಳಗೆ ಬರುತ್ತದೆ. ಶೌಚಾಲಯವೂ ಅದೇ ಮಟ್ಟದಲ್ಲಿದೆ. ಮೆಟ್ರೊದಲ್ಲಿ ಬರುವವರು ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ನಡೆಯಲಾಗದವರು ಫೋನ್ ಮಾಡಿದರೆ ನಮ್ಮ ಹುಡುಗರು ಸ್ಕೂಟರಿನಲ್ಲೋ ಆಟೊದಲ್ಲೋ ಬಂದು ಕರೆದುಕೊಂಡು ಹೋಗುತ್ತಾರೆ. ಮುಂದಿನ ಎರಡು ಸಾಲು ಹಿರಿಯರಿಗೆ ಮಾತ್ರ. ಬಂದ ಅತಿಥಿ ಎಷ್ಟೇ ದೊಡ್ಡವರಾದರೂ ಅಲ್ಲಿ ಕೂರಿಸುವುದಿಲ್ಲ.

ಮರೆವಿನ ಕಾಯಿಲೆ ಇರುವವರನ್ನೂ ಕರೆತನ್ನಿ, ಹಿಂಜರಿಯಬೇಡಿ. ಮಗಳ ಹೆಸರೇ ನೆನಪಿಲ್ಲದ ತಾಯಿಯೊಬ್ಬರು ಎರಡು ವರ್ಷದ ಹಿಂದೆ ಬಂದಿದ್ದರು. "ಎಂದೆಂದೂ ನಿನ್ನನು ಮರೆತು" ಶುರುವಾದಾಗ ಅವರ ತುಟಿ ಅಲುಗಾಡಿತು. ಎರಡನೆಯ ಚರಣದ ಹೊತ್ತಿಗೆ ಒಂದೂ ಪದ ತಪ್ಪದೆ ಜೊತೆಗೆ ಹಾಡುತ್ತಿದ್ದರು. ಮಗಳು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ನಮ್ಮ ಮನೆಯಲ್ಲಿ ಹಳೆಯ ರೆಕಾರ್ಡು, ಹಾಡಿನ ಪುಸ್ತಕಗಳಿವೆ. ತರಬಹುದಾ?

ತನ್ನಿ, ನಮಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಟಾ‌ಕೀಸಿನ ಹೊರಗೆ ಕೆಲವೇ ಪೈಸೆಗೆ ಮಾರುತ್ತಿದ್ದ ಪದ್ಯಾವಳಿಗಳು ಈಗ ಎಲ್ಲೂ ಸಿಗುವುದಿಲ್ಲ. ನಮ್ಮ ಹತ್ತಿರ ಇರುವ 'ಕಸ್ತೂರಿ ನಿವಾಸ'ದ ಪದ್ಯಾವಳಿಯ ಅಂಚಿನಲ್ಲಿ ಯಾರೋ ನೀಲಿ ಶಾಯಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಸಣ್ಣ ಗೆರೆ ಎಳೆದಿದ್ದಾರೆ. ಯಾವುದೋ ಊರಿನಲ್ಲಿ, ಯಾವುದೋ ಮನೆಯಲ್ಲಿ ಒಬ್ಬರು ರೇಡಿಯೊ ಮುಂದೆ ಕೂತು ಆ ಹಾಡನ್ನು ಕಲಿತಿದ್ದರು. ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡುತ್ತೇವೆ.

ಹಳೆಯ 78ರ ತಟ್ಟೆಗಳಿದ್ದರೆ (ನಿಮಿಷಕ್ಕೆ 78 ಸುತ್ತು ತಿರುಗುವಂಥವು) ಒಂದು ಎಚ್ಚರಿಕೆ. ಅವು ಅರಗಿನಿಂದ ಮಾಡಿದವು. ಸ್ಪಿರಿಟ್ ಹಾಕಿ ಒರೆಸಿದರೆ ಮೇಲ್ಮೈ ಕರಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನಿಲ್ಲಿಸಿಡಿ. ಎಲ್.ಪಿ.ಯ ಮುಳ್ಳಿನಲ್ಲಿ ಅವನ್ನು ನುಡಿಸಬೇಡಿ, 78ರ ಗೀರು ಅಗಲ, ಅದಕ್ಕೆ ಬೇರೆಯದೇ ಮುಳ್ಳು ಬೇಕು.

ನಾವು ಹೊರದೇಶದಲ್ಲಿದ್ದೇವೆ. ಹೇಗೆ ಸೇರಿಕೊಳ್ಳುವುದು?

ನೇರವಾಗಿ ನೋಡಲು ಲಿಂಕ್ ಕಳಿಸುತ್ತೇವೆ. ಹಾಡುವವರು ಮುಂಚಿತವಾಗಿ ಹಾಡಿ ಕಳಿಸಬೇಕು. ಅಲ್ಲಿಂದ ನೇರ ಹಾಡಿಸುವ ಪ್ರಯತ್ನ ಒಮ್ಮೆ ಮಾಡಿದೆವು. ತಬಲಾ ಇಲ್ಲಿ, ದನಿ ಅಲ್ಲಿ, ತಾಳ ಕೂಡಲೇ ಇಲ್ಲ. ಅದಕ್ಕಿಂತ, ನಿಮ್ಮ ಊರಿನ ನಾಲ್ಕು ಕನ್ನಡದ ಮನೆಗಳು ಸೇರಿ ಅಲ್ಲೇ ಒಂದು ಸಂಜೆ ಮಾಡಿ.

ನಮ್ಮ ಊರಿನಲ್ಲೂ ಮಾಡಬೇಕು. ಏನೇನು ಬೇಕು?

ಒಂದು ಹಾಲ್, ಒಂದು ಹಾರ್ಮೋನಿಯಂ, ಹತ್ತು ಜನ. ಮೊದಲ ವರ್ಷ ಮೈಕೂ ಬೇಡ. ಈ ಹಾಡುಗಳು ಚಾಪೆಯ ಮೇಲೆ ಕೂತು ಹಾಡಿದರೇ ಚೆಂದ. ದೊಡ್ಡದಾಗಿ ಮಾಡುವುದಾದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ, ಸ್ಥಳೀಯ ಪೊಲೀಸ್ ಠಾಣೆಯಿಂದ ಮೈಕಿಗೆ ಅನುಮತಿ ಪಡೆಯಬೇಕು. ಸನ್ಮಾನ, ಶಾಲು, ಭಾಷಣ ಇವುಗಳನ್ನು ಒಳಗೆ ಬಿಟ್ಟುಕೊಳ್ಳಬೇಡಿ. ಒಂದು ಭಾಷಣದ ಹೊತ್ತಿನಲ್ಲಿ ಐದು ಹಾಡು ಆಗುತ್ತದೆ. ಹಾಡಿದವರ, ಬರೆದವರ, ಸಂಗೀತ ಕೊಟ್ಟವರ ಹೆಸರು ಹೇಳುವ ಪದ್ಧತಿಯನ್ನು ಮಾತ್ರ ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಕೊನೆಯ ಹಾಡು ಯಾವುದು?

1971ರ 'ಕಸ್ತೂರಿ ನಿವಾಸ' ಚಿತ್ರದ "ಆಡಿಸಿ ನೋಡು ಬೀಳಿಸಿ ನೋಡು". ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಈ ಹೆಸರುಗಳನ್ನು ಆ ಸಲ ಮೈಕಿನಲ್ಲಿ ಒಬ್ಬರು ಹೇಳುವುದಿಲ್ಲ, ಸಭೆಯೇ ಒಟ್ಟಾಗಿ ಹೇಳುತ್ತದೆ. ಮೈಕು ಆರಿಸಿ, ಹಾರ್ಮೋನಿಯಂ ಒಂದನ್ನೇ ಇಟ್ಟುಕೊಂಡು ಎಲ್ಲರೂ ನಿಂತು ಹಾಡುತ್ತೇವೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಶುರು. ಬೇಗ ಹೊರಡುವವರು ಅದಕ್ಕೂ ಮುಂಚೆ ಹೊರಟುಬಿಡಿ, ನಡುವೆ ಬಾಗಿಲು ತೆರೆಯುವುದಿಲ್ಲ.